ಇಪ್ಪತ್ತನೇ ನಂಬರಿನ ಕಾರ್ಡು

ಸೋಮವಾರ ಬೆಳಿಗ್ಗೆ ಎಂಟು ಗಂಟೆಗೆ ಕಾವಲುಗಾರ ಕಾವುಕೋಣೆಯ ಬಾಗಿಲು ತೆರೆದ. ತೆರೆದವನು ಹಾಗೇ ಹಿಂದಕ್ಕೆ ಕುಕ್ಕರಿಸಿ ಬಿದ್ದ. ಮೊದಲು ಮುಖಕ್ಕೆ ಹೊಡೆದದ್ದು ಬಿಸಿ. ಆಮೇಲೆ ನಾತ. ಕೊನೆಗೆ ಕಣ್ಣಿಗೆ ಬಿದ್ದದ್ದು ಯಜಮಾನರ ಬೂಟು.

ಅದು ಬೀಗ ತಯಾರಿಸುವ ಕಂಪನಿ. ಕಾರ್ಡು ತೋರಿಸಿದರೆ ತೆರೆಯುವ ಎಲೆಕ್ಟ್ರಾನಿಕ್ ಬೀಗಗಳು. ಮಾರುವ ಮೊದಲು ಅವುಗಳನ್ನು ಎಪ್ಪತ್ತೈದು ಡಿಗ್ರಿ ಕಾವಿನಲ್ಲಿ ಎರಡು ದಿನ ಬೇಯಿಸಿ ನೋಡುವುದಕ್ಕೆ ಒಂದು ಉಕ್ಕಿನ ಕೋಣೆ. ಆ ಕೋಣೆಯ ಬಾಗಿಲಿಗೂ ಅದೇ ಕಂಪನಿಯ ಬೀಗ. ಒಳಗಿದ್ದವರು ಹೊರಬರಲು ಒಂದು ಹಸಿರು ಗುಂಡಿ. ಯಜಮಾನರು ಬೆರಳು ಒಡೆದು ರಕ್ತ ಸುರಿಯುವ ತನಕ ಆ ಗುಂಡಿ ಒತ್ತಿದ್ದರು. ಅದು ಕೆಲಸ ಮಾಡಿರಲಿಲ್ಲ. ಉಕ್ಕಿನ ಗೋಡೆಯೊಳಗೆ ಫೋನಿಗೂ ಉಸಿರಿರಲಿಲ್ಲ.

ಹತ್ತು ಗಂಟೆಗೆ ಕಂಪನಿಯವರು ಬೀಗದ ದಾಖಲೆಯನ್ನು ಮುದ್ರಿಸಿ ಪೊಲೀಸರ ಕೈಗೆ ಕೊಟ್ಟರು. ಶನಿವಾರ ಮಧ್ಯಾಹ್ನ ಎರಡು ಹತ್ತಕ್ಕೆ ಮೂರನೇ ನಂಬರಿನ ಕಾರ್ಡು, ಅದು ಯಜಮಾನರದ್ದು. ಎರಡು ಹನ್ನೆರಡಕ್ಕೆ ಇಪ್ಪತ್ತನೇ ನಂಬರು. ಅದೇ ಸೆಕೆಂಡಿನಲ್ಲಿ ಇನ್ನೊಮ್ಮೆ ಇಪ್ಪತ್ತನೇ ನಂಬರು. ಆಮೇಲೆ ಸೋಮವಾರದವರೆಗೆ ಏನೂ ಇಲ್ಲ.

ಇಪ್ಪತ್ತನೇ ಕಾರ್ಡಿನವಳು ಒಬ್ಬ ಭದ್ರತಾ ಸಂಶೋಧಕಿ. ಬೀಗಗಳಲ್ಲಿ ತೂತು ಹುಡುಕುವುದೇ ಅವಳ ಕಸುಬು. ಎಲ್ಲೆಂದರಲ್ಲಿ ಕೊರೆಯುತ್ತಾಳೆಂದು ಆಫೀಸಿನವರೆಲ್ಲ 'ಗೆದ್ದಲು' ಎನ್ನುತ್ತಿದ್ದರು. ಹನ್ನೊಂದು ಗಂಟೆಗೆ ಗೆದ್ದಲು ಲಾಕಪ್ಪಿನಲ್ಲಿದ್ದಳು.

* * *

ಮಂಗಳವಾರ ಇನ್ಸ್‌ಪೆಕ್ಟರ್ ಬಂದಾಗ ಹೆಕ್ಸಕ್ಕ ತನ್ನ ಅಂಗಡಿಯಲ್ಲಿ ಯಾರದೋ ವಾಷಿಂಗ್ ಮೆಷೀನಿನ ಬೋರ್ಡಿಗೆ ಬೆಸುಗೆ ಹಾಕುತ್ತಿದ್ದಳು. ಮೂಲೆಯ ಕುರ್ಚಿಯಲ್ಲಿ ಅವಳ ತಾಯಿ ಕಾಲು ಚಾಚಿ ಕೂತಿದ್ದರು.

"ಶನಿವಾರ ಮಧ್ಯಾಹ್ನ ಎಲ್ಲಿದ್ರಿ ಮೇಡಂ?"

ಉತ್ತರ ಮೂಲೆಯಿಂದ ಬಂತು. "ನನ್ನ ಮಂಡಿಗೆ ಎಣ್ಣೆ ತಿಕ್ತಿದ್ಲು. ಅನುಮಾನ ಇದ್ರೆ ಬಾರಪ್ಪಾ, ಮೂಸಿ ನೋಡು."

"ಅಮ್ಮಾ!"

"ಕೇಳಿದ್ದಕ್ಕೆ ಹೇಳಿದೆ. ಯಾರು ಸತ್ತಿದ್ದು?"

ಇನ್ಸ್‌ಪೆಕ್ಟರ್ ಹೇಳಿದರು.

ತಾಯಿ ಕಾಲು ಮಡಚಿಕೊಂಡರು. "ಅವನಾ! ಹೇಗೆ?"

"ಬೀಗ ಹಾಕಿದ ಕೋಣೇಲಿ. ಬೆಂದು."

"ನಿಧಾನಕ್ಕೋ, ಬೇಗಾನೋ?"

"ಅಮ್ಮಾ, ಸಾಕು."

"ಕೊಂದೋರು ಸಿಕ್ರೆ ಇಲ್ಲಿಗೆ ಕರ್ಕೊಂಡ್ ಬಾರಪ್ಪಾ. ಹಾರ ತರಿಸಿಟ್ಟಿರ್ತೀನಿ."

ಹೆಕ್ಸಕ್ಕ ತಾಯಿಯನ್ನು ಗದರಿದಳೇ ಹೊರತು ಅವಳ ಕಣ್ಣಲ್ಲೂ ನೀರಿರಲಿಲ್ಲ. ಸುಳ್ಳೇಕೆ, ಎದೆಯೊಳಗೆ ಯಾರೋ ಕಿಟಕಿ ತೆರೆದ ಹಾಗಾಗಿತ್ತು.

ಇಪ್ಪತ್ತು ವರ್ಷ ಅವಳು ಯಂತ್ರಗಳ ಹೊಟ್ಟೆಯೊಳಗೆ ಕೂತು ಕೋಡ್ ಬರೆದವಳು. ಪರದೆ, ಬಣ್ಣ, ಚಿತ್ರ ಇವೆಲ್ಲ ಮೇಲಂತಸ್ತಿನವರ ಕೆಲಸ. ಅವಳದ್ದು ನೆಲಮಾಳಿಗೆ. ಚಿಪ್ಪಿನ ಕಾಲು, ಕರೆಂಟಿನ ಏರಿಳಿತ, ಬರೀ ಸೊನ್ನೆ ಮತ್ತು ಒಂದು. ಯಾವ ಕಾಲೇಜೂ ಕಲಿಸಿದ್ದಲ್ಲ. ಕೆಟ್ಟ ರೇಡಿಯೋಗಳನ್ನು ಬಿಚ್ಚಿ ಬಿಚ್ಚಿ ಕಲಿತದ್ದು. 'ಹೆಕ್ಸ್' ಎಂಬ ಹದಿನಾರರ ಎಣಿಕೆಯಲ್ಲೇ ಲೋಕವನ್ನೆಲ್ಲ ಎಣಿಸುತ್ತಿದ್ದಳಾದ್ದರಿಂದ ಹೆಕ್ಸಕ್ಕ ಎಂಬ ಹೆಸರು ಬಿತ್ತು.

ಹನ್ನೊಂದು ವರ್ಷದ ಹಿಂದೆ ಇದೇ ಬೀಗದಲ್ಲಿ ಅವಳೊಂದು ದೋಷ ಕಂಡುಹಿಡಿದಳು. ಹೊರಗಿನಿಂದ ಒಂದೇ ಕಾರ್ಡನ್ನು ಒಂದು ಸೆಕೆಂಡಿನೊಳಗೆ ಎರಡು ಸಲ ತೋರಿಸಿದರೆ ಒಳಗಿನ ಗುಂಡಿ ಸತ್ತುಹೋಗುತ್ತದೆ. ಯಜಮಾನರಿಗೆ ಹೇಳಿದಳು. "ಅಂಥ ದೋಷ ಇಲ್ಲವೇ ಇಲ್ಲ, ಬಾಯಿ ಮುಚ್ಚಿಕೋ" ಎಂದರು. ಇವಳು ಮುಚ್ಚಲಿಲ್ಲ. ವಾರದೊಳಗೆ ಪೊಲೀಸ್ ದೂರು ಬಿತ್ತು: ಕಂಪನಿಯ ಚಿಪ್ ಓದುವ ಡಬ್ಬಿಯನ್ನು, ಅದರೊಳಗಿನ ಕೋಡ್ ಸಮೇತ, ಕದ್ದಳು. ಡಬ್ಬಿ ಅವಳೇ ಮನೆಯಲ್ಲಿ ಕೂತು ಕಟ್ಟಿದ್ದು. ಅದನ್ನವಳು ಆಫೀಸಿನ ಮೇಜಿನ ಮೇಲೇ ಬಿಟ್ಟು ಬಂದಿದ್ದಳು. ಹುಡುಕಿದರೆ ಎಲ್ಲೂ ಇಲ್ಲ. "ಅಕ್ಕ ಚೀಲದಲ್ಲಿ ಹಾಕ್ಕೊಂಡು ಹೋದದ್ದನ್ನ ಕಣ್ಣಾರೆ ಕಂಡೆ" ಎಂದು ಕೋರ್ಟಿನಲ್ಲಿ ಹೇಳಿದವನು ಅವಳೇ ಕೈಹಿಡಿದು ಕೆಲಸ ಕಲಿಸಿದ ಶಿಷ್ಯ. ಸದಾ ಜೇಬಿನಲ್ಲೊಂದು ಸಣ್ಣ ಇಕ್ಕಳ ಸಿಕ್ಕಿಸಿಕೊಂಡಿರುತ್ತಿದ್ದ; ಅದಕ್ಕೇ ಅವನು ಇಕ್ಕಳ. ಅವಳಿಗೆ ಆರು ತಿಂಗಳು ಜೈಲಾಯಿತು. ಅವನಿಗೆ ಅವಳ ಕುರ್ಚಿ ಸಿಕ್ಕಿತು. ಆಮೇಲೆ ಯಾವ ಕಂಪನಿಯೂ 'ಕಳ್ಳಿ'ಯ ಕೈಗೆ ಕೋಡ್ ಕೊಡಲಿಲ್ಲ.

"ನನ್ನ ಹತ್ರ ಯಾಕೆ ಬಂದ್ರಿ ಸಾರ್?"

"ಆ ದಾಖಲೆ ಕಂಪನಿಯವರೇ ಓದಿ ಕೊಟ್ಟದ್ದು. ಕೋರ್ಟ್ ಒಪ್ಪಲ್ಲ. ಬೀಗ ಬಿಚ್ಚಿ ತಂದಿದ್ದೀನಿ. ಚಿಪ್ಪನ್ನ ನೇರವಾಗಿ ಓದೋರು ಈ ಊರಲ್ಲಿ ನೀವೊಬ್ರೇ ಅಂತೆ."

"ಓದಲ್ಲ. ಸತ್ತವನು ಸತ್ತ."

ಇನ್ಸ್‌ಪೆಕ್ಟರ್ ಎದ್ದರು. ಬಾಗಿಲ ಹತ್ತಿರ ನಿಂತು, "ಆ ಹುಡುಗಿ ಒಂದೇ ಮಾತು ಹೇಳ್ತಿದ್ದಾಳೆ ಮೇಡಂ. ನಾನು ದೋಷ ತೋರಿಸಿದೆ, ಅದಕ್ಕೇ ನನ್ನ ಸಿಕ್ಕಿಸಿದ್ರು ಅಂತ. ನಿಮ್ಮ ಹಳೇ ಫೈಲಲ್ಲೂ ಅದೇ ವಾಕ್ಯ ಇತ್ತು" ಎಂದರು.

ಹೆಕ್ಸಕ್ಕ ಬೆಸುಗೆ ಕಡ್ಡಿ ಕೆಳಗಿಟ್ಟಳು.

"ಬೀಗ ಇಲ್ಲಿ ಕೊಡಿ."

* * *

ಚಿಪ್ಪು ಓದಲು ಹತ್ತು ನಿಮಿಷ ಹಿಡಿಯಿತು. ಅರ್ಥವಾಗಲು ಒಂದು ನಿಮಿಷವೂ ಬೇಕಾಗಲಿಲ್ಲ.

"ಪ್ರತಿ ಸಾಲಿನ ಕೊನೆಗೊಂದು ತಾಳೆ ಸಂಖ್ಯೆ ಇರುತ್ತೆ ಸಾರ್. ಸಾಲಿನಲ್ಲಿರೋದನ್ನೆಲ್ಲ ಕೂಡಿಸಿ ಬೀಗವೇ ಬರೆದುಕೊಳ್ಳೋದು. ಅವರು ಕೊಟ್ಟ ಕಾಗದದಲ್ಲಿ ಆ ಕಾಲಂ ಇದೆಯಾ?"

"ಇಲ್ಲ."

"ಇಲ್ಲಿದೆ ನೋಡಿ. ಮುನ್ನೂರಾ ನಲವತ್ತು ಸಾಲು. ಎಲ್ಲಕ್ಕೂ ತಾಳೆ ಇದೆ. ಎರಡೇ ಎರಡು ಸಾಲಿಗೆ ಸೊನ್ನೆ."

"ಯಾವ ಎರಡು?"

"ಇಪ್ಪತ್ತನೇ ಕಾರ್ಡಿನವು. ಯಾರೋ ಕೈಯಾಡಿಸಿದ್ದಾರೆ. ಆ ಹುಡುಗಿಯೇ ಕೈಯಾಡಿಸಿದ್ರೆ ತನ್ನ ನಂಬರನ್ನ ಉಳಿಸಿಕೊಂಡು ಕೂತಿರ್ತಿದ್ಲಾ?"

ಮೂಲೆಯಿಂದ ತಾಯಿ ಕೇಳಿದರು, "ಹಾರ ಯಾರಿಗೆ ಅಂತ ಗೊತ್ತಾಯ್ತಾ?"

"ಇನ್ನೂ ಇಲ್ಲಮ್ಮ."

ಸುಳ್ಳು. ಆ ಕೋಣೆಗೆ ಹೋಗುವ ಕಾರ್ಡುಗಳ ಪಟ್ಟಿಯನ್ನು ಇನ್ಸ್‌ಪೆಕ್ಟರ್ ಆಗಲೇ ಮೇಜಿನ ಮೇಲಿಟ್ಟಿದ್ದರು. ಐದು ನಂಬರು. ಕಣ್ಣಾಡಿಸುತ್ತಲೇ ಅವಳೊಳಗೆ ಲೆಕ್ಕ ಮುಗಿದಿತ್ತು. ಆದರೆ ಲೆಕ್ಕ ಅವಳ ಬಾಯಿಂದ ಬಂದರೆ ಅದು ಹಗೆಯ ಮಾತಾಗುತ್ತದೆ. ಬೇರೆ ಪುರಾವೆ ಬೇಕಿತ್ತು.

* * *

ಲಾಕಪ್ಪಿನಲ್ಲಿ ಗೆದ್ದಲು ಮೊಣಕಾಲಿಗೆ ಗಲ್ಲ ಊರಿ ಕೂತಿದ್ದಳು.

"ನೀವೇನಾ ಹೆಕ್ಸಕ್ಕ? ನೀವು ಬರೆದ ಕೋಡ್ ಈಗ್ಲೂ ಆ ಬೀಗದಲ್ಲಿದೆ. ಎಷ್ಟು ಅಚ್ಚುಕಟ್ಟು ಅಂತೀನಿ! ಆಮೇಲೆ ಬರೆದೋರು ಅದರ ಮೇಲೆ ಸಗಣಿ ಸಾರಿಸಿದ್ದಾರೆ."

"ಹೊಗಳಿಕೆ ಆಮೇಲೆ. ದೋಷ ಕಂಡಾಗ ಏನು ಮಾಡಿದೆ?"

"ನಮ್ಮ ಕಸುಬಿನ ಪದ್ಧತಿ ಇದೆಯಲ್ಲ ಅಕ್ಕಾ. ಕಂಪನಿಗೆ ಗುಟ್ಟಾಗಿ ಬರೆಯೋದು. ತೊಂಬತ್ತು ದಿನ ಗಡುವು. ಅಷ್ಟರಲ್ಲಿ ಸರಿಮಾಡದಿದ್ರೆ ಲೋಕಕ್ಕೆಲ್ಲ ಹೇಳೋದು."

"ತೊಂಬತ್ತನೇ ದಿನ?"

"ಶನಿವಾರ." ಅವಳು ಮುಖ ಕಿವುಚಿದಳು. "ಮನೇಲಿ ಲೇಖನ ಬರೀತಾ ಕೂತಿದ್ದೆ. ಸಾಕ್ಷಿ ಅಂದ್ರೆ ಬೆಕ್ಕು."

"ಆ ಪತ್ರ ಯಾರ್‍ಯಾರಿಗೆ ಹೋಗಿತ್ತು?"

"ಯಜಮಾನರಿಗೆ. ಇಕ್ಕಳನಿಗೆ. ಬೇರೆ ಯಾರಿಗೂ ಇಲ್ಲ."

* * *

ಹನ್ನೊಂದು ವರ್ಷದ ಮೇಲೆ ಆ ಕಟ್ಟಡದ ಮೆಟ್ಟಿಲು ಹೆಕ್ಸಕ್ಕ ಹತ್ತಿದಳು.

ಯಜಮಾನರ ಹೆಂಡತಿಯನ್ನು ಎಲ್ಲರೂ ಮೇಡಂ ಎನ್ನುತ್ತಿದ್ದರು. ಕಂಪನಿಯಲ್ಲಿ ಅರ್ಧ ಪಾಲು ಅವರದು. ಅವರು ಅತ್ತಿರಲಿಲ್ಲ, ಅಳುವುದಕ್ಕೆ ಪುರುಸೊತ್ತಾಗದವರ ಹಾಗಿದ್ದರು.

"ಶುಕ್ರವಾರ ಊಟಕ್ಕೆ ಕೂತಾಗ, 'ಸೋಮವಾರ ಒಬ್ಬರನ್ನ ಮನೆಗೆ ಕಳಿಸ್ತೀನಿ, ಎಲ್ಲಾ ಸರಿಹೋಗುತ್ತೆ' ಅಂದ್ರು. ಆ ಹುಡುಗೀನೇ ಇರಬೇಕು ಅಂದ್ಕೊಂಡೆ."

"ಹೆಸರು ಹೇಳಿದ್ರಾ?"

"ಇಲ್ಲ."

ಪ್ರಯೋಗಾಲಯದಲ್ಲಿ ಇಕ್ಕಳ ಎದ್ದು ನಿಂತ. ತಲೆ ಅರ್ಧ ನರೆತಿತ್ತು. ಜೇಬಿನಲ್ಲಿ ಅದೇ ಇಕ್ಕಳ.

"ಅಕ್ಕಾ... ನೀವು!"

"ನಾನೇ ಕಣೋ. ಚೆನ್ನಾಗಿದ್ದೀಯಾ?"

"ಇದ್ದೀನಿ ಅಕ್ಕಾ. ನೋಡಿ, ಎಂಥಾ ಗತಿ ಬಂತು. ಆ ಹುಡುಗಿ ಹೀಗೆ ಮಾಡ್ತಾಳೆ ಅಂತ ಕನಸಲ್ಲೂ ಅಂದ್ಕೊಂಡಿರ್ಲಿಲ್ಲ."

"ಚಿಪ್ ಓದೋ ಡಬ್ಬಿ ಇದ್ರೆ ಕೊಡು. ಒಂದು ಸಲ ತಾಳೆ ನೋಡ್ಬೇಕು."

ಅವನು ಡ್ರಾಯರ್ ಎಳೆದ. ಕೈ ಒಂದು ಕ್ಷಣ ತಡೆಯಿತು. ಆಮೇಲೆ ಮೇಲಿದ್ದ ಹೊಸ ಡಬ್ಬಿಯನ್ನೇ ತೆಗೆದುಕೊಟ್ಟು ಡ್ರಾಯರ್ ಮುಚ್ಚಿದ. ಅಷ್ಟು ಹೊತ್ತು ಸಾಕಾಗಿತ್ತು. ಅಡಿಯಲ್ಲೊಂದು ಬೂದು ಬಣ್ಣದ ಪೆಟ್ಟಿಗೆ. ಪೆಟ್ಟಿಗೆ ಯಾರದ್ದಾದರೂ ಇರಬಹುದು. ಆದರೆ ಅದರಿಂದ ಹೊರಬಂದ ಆರು ಬಣ್ಣದ ವೈರುಗಳನ್ನು ಯಾರೋ ತಲೆಕೂದಲಿನ ಹಾಗೆ ಜಡೆ ಹೆಣೆದಿದ್ದರು. ಎರಡೆರಡು ಎಳೆ ಸೇರಿಸಿ ಮೂರು ಕಾಲಿನ ಜಡೆ. ತುದಿಗೆ ಕೆಂಪು ದಾರದ ಗಂಟು. ಭೂಮಿಯ ಮೇಲೆ ವೈರಿಗೆ ಜಡೆ ಹಾಕುವ ಎಂಜಿನಿಯರ್ ಒಬ್ಬಳೇ ಇದ್ದಳು.

ಅವಳು ಕದ್ದಳೆಂದು ಆರು ತಿಂಗಳು ಜೈಲಿಗೆ ಕಳಿಸಿದ ಡಬ್ಬಿ. ಹೊರಗಿನ ಅಂಗಿ ಬದಲಿಸಿ ಇಷ್ಟು ವರ್ಷ ಅವನೇ ಬಳಸಿದ್ದಾನೆ. ಅಂಥ ಡಬ್ಬಿ ಅಂಗಡಿಯಲ್ಲಿ ಸಿಗುವುದಿಲ್ಲ. ಎಸೆಯಲು ಅವನ ಕಸುಬಿನ ಕೈಗೆ ಮನಸ್ಸು ಬಂದಿಲ್ಲ.

ಅವಳು ನಕ್ಕಳು. "ಹೊಸದು ಚೆನ್ನಾಗಿದೆ ಕಣೋ."

ಹೊರಗೆ ಬಂದು ಇನ್ಸ್‌ಪೆಕ್ಟರ್ ಕಿವಿಯಲ್ಲಿ ಎರಡೇ ಮಾತು ಹೇಳಿದಳು. ಐದು ನಿಮಿಷದಲ್ಲಿ ಪ್ರಯೋಗಾಲಯಕ್ಕೆ ಮೊಹರು ಬಿತ್ತು.

* * *

ಬುಧವಾರ ಹನ್ನೊಂದಕ್ಕೆ ಸಭೆಯ ಕೋಣೆಯಲ್ಲಿ ಎಲ್ಲರೂ ಸೇರಿದರು. ಮೇಡಂ, ಇಕ್ಕಳ, ಕಾವಲುಗಾರ. ಮಹಿಳಾ ಪೇದೆಯ ಪಕ್ಕದಲ್ಲಿ ಗೆದ್ದಲು. ಚಹಾ ಕುಡಿದು ಮುಗಿದಿತ್ತು. ಹೆಕ್ಸಕ್ಕ ಐದು ಖಾಲಿ ಕಪ್‌ಗಳನ್ನು ಸಾಲಾಗಿಟ್ಟಳು. ಎದುರಿಗೊಂದೊಂದು ಚೀಟಿ: ಹದಿನಾರು, ಎಂಟು, ನಾಲ್ಕು, ಎರಡು, ಒಂದು.

"ಚಿಪ್ಪು ನಂಬರನ್ನ ಹೀಗೆ ಬರೆದಿಡುತ್ತೆ. ನಿಂತ ಕಪ್ ಲೆಕ್ಕಕ್ಕೆ. ಕವುಚಿದ್ದು ಇಲ್ಲ. ಹದಿನಾರು, ನಾಲ್ಕು ನಿಂತಿದ್ರೆ ಇಪ್ಪತ್ತು. ಅರ್ಥ ಆಯ್ತಾ?"

"ಆಯ್ತು," ಎಂದ ಕಾವಲುಗಾರ, ಎಲ್ಲರಿಗಿಂತ ಮೊದಲು.

"ಈ ಚಿಪ್ಪಿಗೊಂದು ಹಟ ಇದೆ. ನಿಂತ ಕಪ್ಪನ್ನ ಯಾವಾಗ ಬೇಕಾದ್ರೂ ಕವುಚಬಹುದು. ಕವುಚಿದ್ದನ್ನ ಮತ್ತೆ ನಿಲ್ಲಿಸೋ ಹಾಗಿಲ್ಲ. ನಿಲ್ಲಿಸ್ಬೇಕಾದ್ರೆ ಇಡೀ ಹಾಳೇನೇ ತೊಳೀಬೇಕು, ಅಂದ್ರೆ ಎಲ್ಲಾ ಸಾಲೂ ಅಳಿಸಿಹೋಗ್ಬೇಕು. ಎಷ್ಟು ಸಲ ತೊಳೆದ್ರು ಅಂತ ಬೀಗ ಬೇರೆ ಕಡೆ ಬರೆದಿಟ್ಟಿರುತ್ತೆ. ನೋಡಿದೆ. ತೊಳೆದಿಲ್ಲ. ಅಂದ್ರೆ ಕವುಚಿದ್ದಾರೆ, ಅಷ್ಟೇ. ತಾಳೆ ಸಂಖ್ಯೆ ಹೊಸದಾಗಿ ಬರೆಯೋಕಾಗದೆ ಅಲ್ಲಿದ್ದ ಅಷ್ಟನ್ನೂ ಕವುಚಿ ಸೊನ್ನೆ ಮಾಡಿದ್ದಾರೆ."

ಅವಳು ಕಪ್‌ಗಳನ್ನು ಮೇಜಿನಾಚೆಗೆ ತಳ್ಳಿದಳು.

"ಇಕ್ಕಳ, ನೀನು ಮಾಡಿ ತೋರಿಸಪ್ಪಾ. ನಿನ್ನ ಕೈ ಚುರುಕು. ಮೇಡಂ ಕಾರ್ಡು ಒಂಬತ್ತು. ಅದನ್ನ ಇಪ್ಪತ್ತು ಮಾಡು."

ಅವನು ಎಂಟು, ಒಂದು ನಿಲ್ಲಿಸಿ ಉಳಿದದ್ದನ್ನು ಕವುಚಿದ. "ಆಗಲ್ಲ ಅಕ್ಕಾ."

"ಯಾಕೆ?"

"ಹದಿನಾರು ಕವುಚಿದೆ. ಎತ್ತೋ ಹಾಗಿಲ್ಲ."

"ಯಜಮಾನರದು ಮೂರು."

"ಅದೂ ಆಗಲ್ಲ. ಎರಡು, ಒಂದು ಮಾತ್ರ ಇದೆ."

"ಕಾವಲುಗಾರಂದು ಹದಿನೆಂಟು."

ಕಾವಲುಗಾರನ ಕೈ ಕುರ್ಚಿಯ ತೋಳನ್ನು ಹಿಡಿದಿತ್ತು. ಇಕ್ಕಳ ಸ್ವಲ್ಪ ತಡೆದು, "ಹದಿನಾರು ಇದೆ. ನಾಲ್ಕು ಇಲ್ಲ. ಆಗಲ್ಲ" ಎಂದ.

"ಅಬ್ಬಾ!" ಎಂದ ಕಾವಲುಗಾರ. "ಒಂದು ಕಪ್ ನನ್ನ ಪ್ರಾಣ ಉಳಿಸ್ತು."

"ಇನ್ನೊಂದೇ ಕಾರ್ಡು ಉಳೀತು. ನಿಂದು. ಇಪ್ಪತ್ತೆಂಟು."

ಇಕ್ಕಳ ಕೈ ಎತ್ತಲಿಲ್ಲ. ಹೆಕ್ಸಕ್ಕ ತಾನೇ ಹದಿನಾರು, ಎಂಟು, ನಾಲ್ಕು ನಿಲ್ಲಿಸಿದಳು. ಮೇಡಂ ನಿಧಾನವಾಗಿ ಕೈಚಾಚಿದರು. ನಡುವಿನ ಎಂಟನ್ನು ಕವುಚಿದರು. ಪಿಂಗಾಣಿ ಟಕ್ಕೆಂದಿತು.

ಹದಿನಾರು. ನಾಲ್ಕು. ಇಪ್ಪತ್ತು.

"ಒಂದೇ ಒಂದು ಕಪ್," ಎಂದಳು ಹೆಕ್ಸಕ್ಕ. "ಬೇರೆಯವನಾಗಿದ್ರೆ ಚಿಪ್ಪನ್ನೇ ಸುಟ್ಟುಹಾಕ್ತಿದ್ದ. ನೀನು ಕಸುಬು ಬಲ್ಲವನು. ಎಲ್ಲಿ ಮುಟ್ಟಬೇಕೋ ಅಲ್ಲಷ್ಟೇ ಮುಟ್ಟಿದೆ."

ಗೆದ್ದಲು ಬಾಯಿ ತೆರೆದಳು. "ನನ್ನ ಮೇಲೇ ಯಾಕೆ? ನಾನೇನು ಮಾಡಿದ್ದೆ ಇವರಿಗೆ?"

"ಏನೂ ಇಲ್ಲಮ್ಮ. ಇಪ್ಪತ್ತೆಂಟರಿಂದ ಕವುಚಿ ಕವುಚಿ ಹೋದ್ರೆ ಸಿಗೋ ಕಾರ್ಡು ಇಲ್ಲಿ ನಿಂದೊಂದೇ ಇತ್ತು. ಗಡುವು ಮುಗಿದ ದಿನ ಬೇರೆ. ಅವನಿಗೆ ಹಾಲು ಅನ್ನ ಉಂಡಂತಾಯ್ತು."

ಇಕ್ಕಳ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದ. "ಇದು ಪುರಾವೆ ಅಲ್ಲ ಸಾರ್, ಕಪ್ ಆಟ! ಇವಳು ಜೈಲಿಗೆ ಹೋಗಿ ಬಂದವಳು. ನನ್ನ ಮೇಲೆ ಹಲ್ಲು ಮಸೀತಿದ್ದಾಳೆ. ಇವಳ ಮಾತು ಯಾರು ನಂಬ್ತಾರೆ?"

"ಹೌದು, ಮಸೀತಿದ್ದೀನಿ," ಎಂದಳು ಹೆಕ್ಸಕ್ಕ. "ಪ್ರತಿ ದಿನ. ಬೆಳಿಗ್ಗೆ ಹಲ್ಲುಜ್ಜೋ ಮೊದಲು."

"ನಾನೂ ಅವರ ಮಾತಿನ ಮೇಲೆ ನಿಂತಿಲ್ಲ," ಎಂದರು ಇನ್ಸ್‌ಪೆಕ್ಟರ್. ಚೀಲದಿಂದ ಬೂದು ಪೆಟ್ಟಿಗೆ ತೆಗೆದು ಮೇಜಿನ ಮೇಲಿಟ್ಟರು. ಜಡೆ ಹೆಣೆದ ವೈರು ಕೆಳಗೆ ಜೋತಾಡಿತು.

ಇಕ್ಕಳ ಹಾಗೇ ಕೂತ.

"ನಿನಗೆ ಕಲಿಸಿದ ಮೊದಲ ಪಾಠ ಯಾವುದು, ಹೇಳು," ಎಂದಳು ಹೆಕ್ಸಕ್ಕ.

ಉತ್ತರವನ್ನೂ ಅವಳೇ ಕೊಟ್ಟಳು.

"ಚಿಪ್ ಮುಟ್ಟೋ ಮೊದಲು ನಕಲು ತಗೋ. ತಿದ್ದಿದ ಮೇಲೆ ಇನ್ನೊಂದು ತಗೊಂಡು ತಾಳೆ ನೋಡು. ಕೊಲೆ ಮಾಡೋವಾಗ್ಲೂ ನೀನದನ್ನ ಬಿಡಲ್ಲ ಅಂತ ಗೊತ್ತಿತ್ತು. ಕಂಪ್ಯೂಟರಿಂದ ಎರಡನ್ನೂ ಅಳಿಸಿಬಿಟ್ಟಿದ್ದೀಯ. ಜಾಣ. ಆದ್ರೆ ಈ ಡಬ್ಬಿ ಕೊನೇ ಎಂಟು ನಕಲನ್ನ ತನ್ನ ಹೊಟ್ಟೆಯೊಳಗೇ ಇಟ್ಕೊಳ್ಳುತ್ತೆ. ಶಿಷ್ಯರು ಕೈತಪ್ಪಿ ಚಿಪ್ ಹಾಳು ಮಾಡಿದ್ರೆ ಇರ್ಲಿ ಅಂತ ಹಾಗೆ ಕಟ್ಟಿದ್ದೆ. ಹೇಳಿದ್ರೆ ಮೈಮರೀತೀರ ಅಂತ ಯಾರಿಗೂ ಹೇಳಿರ್ಲಿಲ್ಲ."

"ಬೆಳಿಗ್ಗೆ ಇಬ್ಬರು ಪಂಚರ ಮುಂದೆ ತೆಗೆದಿದ್ದೀವಿ," ಎಂದರು ಇನ್ಸ್‌ಪೆಕ್ಟರ್. "ಶನಿವಾರ ಎರಡು ನಲವತ್ತಕ್ಕೆ ಒಂದು ನಕಲು, ಅದರಲ್ಲಿ ಇಪ್ಪತ್ತೆಂಟು. ಎರಡು ನಲವತ್ತೇಳಕ್ಕೆ ಇನ್ನೊಂದು; ಅದರಲ್ಲಿ ಇಪ್ಪತ್ತು."

ಇಕ್ಕಳ ಕವುಚಿದ ಕಪ್ಪನ್ನೇ ನೋಡುತ್ತಿದ್ದ.

"ಇಷ್ಟು ವರ್ಷ ಅವನ ಸುಳ್ಳು ನಾನು ಹೊತ್ತೆ," ಎಂದ ಕೊನೆಗೆ. "ದೋಷ ಇಲ್ಲ ಅನ್ನು ಅಂದ. ಅಂದೆ. ಸರಿಮಾಡ್ತೀನಿ ಸಾರ್ ಅಂದ್ರೆ, ಸರಿಮಾಡಿದ್ರೆ ಇತ್ತು ಅಂತ ಒಪ್ಪಿಕೊಂಡ ಹಾಗಾಗುತ್ತೆ, ಮುಟ್ಟಬೇಡ ಅಂದ. ಶುಕ್ರವಾರ ಕರೆದ. 'ತಪ್ಪೆಲ್ಲ ನಿಂದು ಅಂತ ಪೇಪರಿನವರಿಗೆ ಹೇಳ್ತೀನಿ, ಸೋಮವಾರ ಕಾರ್ಡು ಒಪ್ಪಿಸಿ ಹೋಗು' ಅಂದ. ಅವನು ಮನೆಗೆ ಕಳಿಸೋಕೆ ಹೊರಟಿದ್ದು ನನ್ನನ್ನ ಮೇಡಂ, ಆ ಹುಡುಗೀನ ಅಲ್ಲ."

ಮೇಡಂ ಕಣ್ಣು ಮುಚ್ಚಿಕೊಂಡರು.

"ಸರಿಮಾಡಿದ್ದೀನಿ, ಬಂದು ನೋಡಿ ಅಂತ ಕರೆದೆ. ಒಳಗೆ ಹೋದ. ಎರಡು ಸಲ ಕಾರ್ಡು ತೋರಿಸಿದೆ. ಕಾವು ಏರಿಸಿದೆ. ಒಳಗಿಂದ ಗುದ್ದಿದ. 'ಯಾಕೆ ಸಾರ್ ಹೆದರ್ತೀರಿ, ಅಂಥ ದೋಷ ಇಲ್ಲವೇ ಇಲ್ವಲ್ಲ' ಅಂದೆ." ಅವನು ಹೆಕ್ಸಕ್ಕನ ಕಡೆ ತಿರುಗಿದ. "ಅಕ್ಕಾ, ಅವನು ಅವತ್ತು ನಿಮಗೆ ಹೇಳಿದ್ದೂ ಅದೇ ಮಾತು. ನಿಮ್ಮ ಹಗೆಯನ್ನೂ ನಾನೇ ತೀರಿಸಿದೆ."

"ನನ್ನ ಹಗೆ ತೀರಿಸೋಕೆ ನೀನ್ಯಾರೋ? ಅದರಲ್ಲಿ ಅರ್ಧ ಅವನು. ಇನ್ನರ್ಧ ಇಲ್ಲಿ ಕೂತಿದೆ. ಬೀಗದ ದೋಷ ತೋರಿಸಿದ್ದಕ್ಕೆ ಒಬ್ಬಳನ್ನ ಒಳಗೆ ಹಾಕಿಸಿದ್ದು ಸಾಲದು ಅಂತ ಎರಡನೆಯವಳನ್ನೂ ಹಾಕಿಸೋಕೆ ಹೊರಟೆ. ಈ ಸಲ ಯಾರ ಬಲವಂತ ಇತ್ತು?"

ಮಹಿಳಾ ಪೇದೆ ಗೆದ್ದಲಿನ ಪಕ್ಕದಿಂದ ಎದ್ದು ಇಕ್ಕಳನ ಪಕ್ಕಕ್ಕೆ ಬಂದು ನಿಂತಳು. ಇನ್ಸ್‌ಪೆಕ್ಟರ್ ಕಾಗದದ ಕಟ್ಟು ಮುಂದಿಟ್ಟರು. "ಹೇಳಿಕೆ ಬರೀರಿ."

"ಒಂದು ನಿಮಿಷ ಸಾರ್," ಎಂದಳು ಹೆಕ್ಸಕ್ಕ. "ಕ್ರಮವಾಗಿ ಬರೀಲಿ. ಕೊಲೆ ಎರಡನೇ ಹಾಳೆಗೆ. ಮೊದಲು ನಂದು."

ಇನ್ಸ್‌ಪೆಕ್ಟರ್ ಮೇಜಿನ ಮೇಲಿದ್ದ ಡಬ್ಬಿಯನ್ನೂ ಅವಳನ್ನೂ ನೋಡಿದರು. ತಲೆಯಾಡಿಸಿದರು.

ಇಕ್ಕಳ ಪೆನ್ನು ಹಿಡಿದ. ಡಬ್ಬಿಯನ್ನು ಅವಳು ಕದ್ದಿಲ್ಲ, ತಾನೇ ಬಚ್ಚಿಟ್ಟೆ ಎಂದು ಬರೆದ. ಕೋರ್ಟಿನಲ್ಲಿ ಸುಳ್ಳು ಹೇಳಿದೆ ಎಂದು ಬರೆದ. ಹೆಕ್ಸಕ್ಕ ಅವನ ಹೆಗಲ ಹಿಂದೆ ನಿಂತು ಓದುತ್ತಿದ್ದಳು, ಹಿಂದೆ ಅವನ ಕೋಡ್ ಓದುತ್ತಿದ್ದ ಹಾಗೆ.

"'ಯಜಮಾನರ ಒತ್ತಡದಿಂದ' ಅಂತ ಯಾಕೆ ಬರೆದೆ?"

"ಒತ್ತಡ ಇತ್ತು ಅಕ್ಕಾ."

"ಕುರ್ಚಿಯೂ ಇತ್ತು. ಅದನ್ನೂ ಬರಿ."

ಬರೆದ. ಪೆನ್ನು ಕೆಳಗಿಟ್ಟು ತಲೆ ಎತ್ತಿದ. ಕಣ್ಣು ತುಂಬಿತ್ತು. "ಕ್ಷಮಿಸ್ತೀರಾ ಅಕ್ಕಾ?"

"ಇಲ್ಲ," ಎಂದಳು ಹೆಕ್ಸಕ್ಕ. "ಸಹಿ ಮಾ‌ಡು."